ಹೆಸರು ಹಾಕಿ ತಿದ್ದುವ ಕೆಲಸ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನೆಲೆಸಿರುವ ನಮ್ಮ ಬ್ಯಾರಿ ಮನೆಗಳಲ್ಲಿ ಈಗ ಡಿಪ್ಲೊಮಾ, ಬಿಸಿಎ, ಇಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಅವರಲ್ಲಿ ಕೆಲವರು ಇಶಾ ನಮಾಝ್ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತರೆ ಏಳುವುದೇ ಇಲ್ಲ. ಏನು ಮಾಡ್ತಿದ್ದೀಯ ಎಂದರೆ "ಓಪನ್ ಸೋರ್ಸ್" ಅಂತಾರೆ. ಸಂಬಳ ಎಷ್ಟು ಎಂದರೆ "ಸಂಬಳ ಇಲ್ಲ" ಅಂತಾರೆ. ಆಮೇಲೆ ಉಮ್ಮಂದಿರು ನಮ್ಮಂಥವರ ಹತ್ತಿರ ಬರುತ್ತಾರೆ: "ಉಸ್ತಾದರೇ, ದುಡ್ಡಿಲ್ಲದ ಕೆಲಸಕ್ಕೆ ಇವನು ಯಾಕೆ ನಿದ್ದೆ ಕೆಡಿಸಿಕೊಳ್ತಾನೆ? ನೀವೇ ಒಂದು ಮಾತು ಹೇಳಿ."

ಹೇಳುವ ಮೊದಲು ಅದು ಎಂಥ ಕೆಲಸ ಎಂದು ತಿಳಿದಿರಬೇಕು. ಮೊಬೈಲ್ ಆಟಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ಗದರಿಸಿದರೆ ಒಳ್ಳೆಯ ಕೆಲಸವೊಂದನ್ನು ನಾವೇ ನಿಲ್ಲಿಸಿದ ಹಾಗೆ ಆದೀತು. ಉದಾಹರಣೆಗೆ ಕ್ಯೂಎಮು ಎಂಬ ಒಂದೇ ತಂತ್ರಾಂಶವನ್ನು ತೆಗೆದುಕೊಳ್ಳೋಣ.

ಯಂತ್ರದೊಳಗೆ ಇನ್ನೊಂದು ಯಂತ್ರ

ಕ್ಯೂಎಮು ಒಂದು ವರ್ಚುವಲ್ ಮಷೀನ್. ಅಂದರೆ ಒಂದು ಕಂಪ್ಯೂಟರಿನ ಒಳಗೆ ಬೇರೆಯೇ ಒಂದು ಕಂಪ್ಯೂಟರ್ ಇರುವಂತೆ ನಡೆದುಕೊಳ್ಳುವ ತಂತ್ರಾಂಶ. ಮನೆಯಲ್ಲಿರುವುದು ಸಾಧಾರಣ ಇಂಟೆಲ್ ಲ್ಯಾಪ್‌ಟಾಪ್ ಆದರೂ, ಅದರೊಳಗೆ ಮೊಬೈಲಿನಲ್ಲಿರುವ ಎಆರ್‌ಎಂ ಪ್ರೊಸೆಸರನ್ನೋ, ದೊಡ್ಡ ಬ್ಯಾಂಕುಗಳು ಬಳಸುವ ಐಬಿಎಂ ಮೇನ್‌ಫ್ರೇಮನ್ನೋ ನಡೆಸಿ ನೋಡಬಹುದು. ಫ್ರಾನ್ಸ್ ದೇಶದ ಫಾಬ್ರಿಸ್ ಬೆಲ್ಲಾರ್ ಇದನ್ನು 2003ರಲ್ಲಿ ಮೊದಲು ಹೊರತಂದರು. ಆಂಡ್ರಾಯ್ಡ್ ಆ್ಯಪ್ ಮಾಡುವವರು ಕಂಪ್ಯೂಟರಿನಲ್ಲಿ ಫೋನಿನ ಪರದೆ ತೆರೆದು ಪರೀಕ್ಷೆ ಮಾಡುತ್ತಾರಲ್ಲ, ಆ ಎಮ್ಯುಲೇಟರಿನ ಬುಡದಲ್ಲಿರುವುದೂ ಇದೇ.

ಇದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿದೆ. ಓದಬಹುದು, ಬಳಸಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಹಾಗೆ ಕಳಿಸುವ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ. ತೆಗೆದ ಸಾಲಿನ ಮುಂದೆ ಮೈನಸ್ ಗುರುತು, ಸೇರಿಸಿದ ಸಾಲಿನ ಮುಂದೆ ಪ್ಲಸ್ ಗುರುತು. ಎಷ್ಟೋ ಪ್ಯಾಚುಗಳು ಎರಡು ಮೂರು ಸಾಲಿನವು.

ಊರು ಬದಲಾದರೆ ಅರ್ಥವೂ ಬದಲು

ಹೊಸದಾಗಿ ಬರುವವರಿಗೆ ಕೈಗೆಟುಕುವ ತಪ್ಪುಗಳಲ್ಲಿ ಒಂದು ಜಾತಿಯದಕ್ಕೆ ಪೋರ್ಟೆಬಿಲಿಟಿ ದೋಷ ಎನ್ನುತ್ತಾರೆ. ಒಂದು ಯಂತ್ರದಲ್ಲಿ ಸರಿಯಾಗಿ ಓಡುವ ಪ್ರೋಗ್ರಾಮ್ ಇನ್ನೊಂದು ಜಾತಿಯ ಯಂತ್ರಕ್ಕೆ ಹೋದಾಗ ಎಡವುವುದು.

ಇದು ಘಟ್ಟ ಹತ್ತಿ ಬಂದ ನಮ್ಮವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಮಂಗಳೂರಿನಿಂದ ಚಾರ್ಮಾಡಿ, ಮೂಡಿಗೆರೆ, ಬೇಲೂರು ದಾಟಿ ತುಮಕೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ತಿಪಟೂರಿನ ಮೇಲೆಯೇ ಹಾದುಹೋಗುತ್ತದೆ. ರಸ್ತೆ ಒಂದೇ, ತೆಂಗೂ ಒಂದೇ. ಆದರೆ ಕರಾವಳಿಯಲ್ಲಿ ಕೊಬ್ಬರಿ ಅಂದರೆ ಕಾಯಿ ಒಡೆದು ಬಿಸಿಲಿಗೆ ಒಣಗಿಸಿದ ಹೋಳು, ಎಣ್ಣೆ ತೆಗೆಯಲಿಕ್ಕೆ. ಇಲ್ಲಿ ಕೊಬ್ಬರಿ ಅಂದರೆ ಉಂಡೆ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಟ್ಟ ಮೇಲೆ ಇಡಿಯಾಗಿ ತೆಗೆಯುವುದು. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಎಣ್ಣೆ ಕೊಬ್ಬರಿಗೆ ಕ್ವಿಂಟಾಲಿಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100 ರೂಪಾಯಿ ಎಂದು ಬೇರೆ ಬೇರೆ ಬೆಂಬಲ ಬೆಲೆ ನಿಗದಿ ಮಾಡಿತು. ಚೀಟಿಯಲ್ಲಿ ಬರೀ "ಕೊಬ್ಬರಿ" ಎಂದು ಬರೆದರೆ ಬರೆದವನ ಊರಿನಲ್ಲಿ ಅದು ಸರಿ, ಓದುವವನ ಊರಿನಲ್ಲಿ ಜಗಳ. ಬರೆದವನು ಸುಳ್ಳು ಬರೆದಿಲ್ಲ, ತನ್ನ ಊರಿನ ರೂಢಿಯೇ ಎಲ್ಲ ಕಡೆ ಇದೆ ಎಂದುಕೊಂಡಿದ್ದಾನೆ, ಅಷ್ಟೆ. ಪೋರ್ಟೆಬಿಲಿಟಿ ದೋಷದ ಬೇರೂ ಅದೇ.

ಇನ್ನೊಂದು ಉದಾಹರಣೆ ಮದ್ರಸದ ಮಕ್ಕಳಿಗೇ ಗೊತ್ತಿರುವುದು. ಕನ್ನಡದಲ್ಲಿ 21ನ್ನು ಇಪ್ಪತ್ತೊಂದು ಎನ್ನುತ್ತೇವೆ, ಹತ್ತರ ಲೆಕ್ಕ ಮೊದಲು. ಅರಬಿಯಲ್ಲಿ ವಾಹಿದುನ್ ವ ಇಶ್ರೂನ್, ಬಿಡಿ ಮೊದಲು. ಕಂಪ್ಯೂಟರುಗಳಲ್ಲೂ ಹೀಗೆ ಎರಡು ಪಂಗಡ. ಇಂಟೆಲ್ ಪ್ರೊಸೆಸರ್ ಸಂಖ್ಯೆಯ ಚಿಕ್ಕ ಭಾಗವನ್ನು ಮೊದಲು ಇಡುತ್ತದೆ, ಐಬಿಎಂ ಮೇನ್‌ಫ್ರೇಮ್ ದೊಡ್ಡ ಭಾಗವನ್ನು ಮೊದಲು ಇಡುತ್ತದೆ. ಎರಡು ಬೈಟಿನ ಜಾಗದಲ್ಲಿ ಒಂದು ಯಂತ್ರ 1 ಎಂದು ಬರೆದು ಇಟ್ಟದ್ದನ್ನು ಇನ್ನೊಂದು ಯಂತ್ರ ಹಾಗೇ ಓದಿದರೆ 256 ಆಗುತ್ತದೆ. ಒಂದು ಮೂಟೆ ಇನ್ನೂರೈವತ್ತಾರು ಮೂಟೆ! ಕ್ಯೂಎಮುವಿನಲ್ಲಿ ಒಂದು ಪಂಗಡದ ಯಂತ್ರದೊಳಗೆ ಇನ್ನೊಂದು ಪಂಗಡದ ಯಂತ್ರ ಓಡುವುದರಿಂದ ಈ ಎಚ್ಚರ ಹೆಜ್ಜೆ ಹೆಜ್ಜೆಗೂ ಬೇಕು.

ನಮ್ಮ ಅಕ್ಷರಕ್ಕೇ ಕಾಣುವ ತಪ್ಪು

ಮೂರನೆಯ ಉದಾಹರಣೆಯೇ ನನಗೆ ಮುಖ್ಯ ಅನಿಸುವುದು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಒಂದು ಬೈಟ್ ಸಾಕು, ಅದರ ಬೆಲೆ 127 ದಾಟುವುದಿಲ್ಲ. ಕನ್ನಡದ ಒಂದು ಅಕ್ಷರಕ್ಕೆ ಈಗ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. "ಬ್ಯಾರಿ" ಎಂಬುದರ ಮೊದಲ "ಬ" 224, 178, 172 ಎಂದು ಕೂರುತ್ತದೆ. ಮೂರೂ 127ಕ್ಕಿಂತ ಮೇಲೆ.

ಸಿ ಭಾಷೆಯಲ್ಲಿ ಬೈಟನ್ನು ಚಾರ್ ಎಂಬ ಡಬ್ಬಿಯಲ್ಲಿ ಇಡುತ್ತಾರೆ. ಇಂಟೆಲ್ ಯಂತ್ರದಲ್ಲಿ ಆ ಡಬ್ಬಿಯ ಲೆಕ್ಕ ಮೈನಸ್ 128ರಿಂದ 127ರವರೆಗೆ. ಎಆರ್‌ಎಂ ಲಿನಕ್ಸ್‌ನಲ್ಲಿ 0ಯಿಂದ 255ರವರೆಗೆ. ಹಾಗಾಗಿ ಒಂದು ಕಡೆ 224 ಆಗಿದ್ದದ್ದು ಇನ್ನೊಂದು ಕಡೆ ಮೈನಸ್ 32 ಆಗುತ್ತದೆ. ಆ ಸಂಖ್ಯೆ ಹಿಡಿದು ಪಟ್ಟಿಯಲ್ಲಿ ಹುಡುಕಲು ಹೋದ ಪ್ರೋಗ್ರಾಮ್ ಪಟ್ಟಿಯ ಹೊರಗೆ ಕೈ ಹಾಕುತ್ತದೆ. ಉಲ್ಟಾ ಇನ್ನೊಂದು ಇದೆ: "ಮುಗಿಯಿತು" ಎಂಬುದಕ್ಕೆ ಮೈನಸ್ 1 ಎಂದು ಡಬ್ಬಿಯಲ್ಲಿ ಗುರುತು ಇಟ್ಟರೆ ಎಆರ್‌ಎಂನಲ್ಲಿ ಅದು 255 ಆಗಿ, ಪ್ರೋಗ್ರಾಮ್ ಮುಗಿಯುವುದೇ ಇಲ್ಲ.

ಬರೀ ಇಂಗ್ಲಿಷ್ ಅಕ್ಷರ ಟೈಪ್ ಮಾಡುವವನಿಗೆ ಮೊದಲನೆಯ ತಪ್ಪು ಜನ್ಮದಲ್ಲಿ ಕಾಣುವುದಿಲ್ಲ. ಕನ್ನಡ ಲಿಪಿಯಲ್ಲಿ ಬ್ಯಾರಿ ಬರೆಯುವವನಿಗೆ, ಅರಬಿ ಟೈಪ್ ಮಾಡುವವನಿಗೆ ಮೊದಲ ದಿನವೇ ಎದುರಾಗಬಹುದು. ನಮ್ಮ ಮಕ್ಕಳು ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ ಎಂದು ನಾಲ್ಕು ಭಾಷೆಗಳ ನಡುವೆ ಬೆಳೆಯುತ್ತಾರೆ. ಅದನ್ನು ಹಿಂದುಳಿದಿರುವಿಕೆ ಎಂದುಕೊಂಡಿದ್ದೇವೆ. ಈ ಕೆಲಸದಲ್ಲಿ ಅದೇ ಅವರ ಬಂಡವಾಳ. ದಾರಿಯಲ್ಲಿರುವ ಕಲ್ಲು ಆ ದಾರಿಯಲ್ಲಿ ನಡೆಯುವವನ ಕಾಲಿಗೇ ತಾಗುವುದು, ಸರಿಸಿದರೆ ಹಿಂದೆ ಬರುವವರಿಗೆಲ್ಲ ಪ್ರಯೋಜನ. ದಾರಿಯ ತೊಂದರೆ ಸರಿಸುವುದೂ ಈಮಾನಿನ ಒಂದು ಭಾಗ ಎಂದು ನಾವು ಚಿಕ್ಕ ತರಗತಿಯಲ್ಲೇ ಕಲಿಸುತ್ತೇವಲ್ಲ.

ಸನದ್ ಇಲ್ಲದೆ ಒಳಗೆ ಬಿಡುವುದಿಲ್ಲ

ಯಾರು ಬೇಕಾದರೂ ತಿದ್ದಬಹುದು ಎಂದರೆ ಕಂಡಕಂಡವರು ಕೆಡಿಸುವುದಿಲ್ಲವೇ ಎಂದು ಕೇಳುತ್ತಾರೆ. ಕೆಡಿಸಲು ಬಿಡುವುದಿಲ್ಲ. ಕ್ಯೂಎಮುವಿನ ಪದ್ಧತಿ ಇದು: ಒಂದು ಪ್ಯಾಚಿನಲ್ಲಿ ಒಂದೇ ವಿಷಯ ಇರಬೇಕು. ಏನು ತಪ್ಪಿತ್ತು, ಯಾಕೆ ತಪ್ಪು, ಹೇಗೆ ಸರಿ ಮಾಡಿದೆ ಎಂದು ಮೇಲೆ ಬರೆಯಬೇಕು. ಕೆಳಗೆ "ಸೈನ್ಡ್ ಆಫ್ ಬೈ" ಎಂದು ತನ್ನ ಹೆಸರು, ಇ-ಮೇಲ್ ಹಾಕಬೇಕು. ಇದನ್ನು ಕೊಡಲು ನನಗೆ ಹಕ್ಕಿದೆ ಎಂದು ಒಪ್ಪಿಕೊಳ್ಳುವ ಸಹಿ ಅದು. ಆ ಭಾಗ ನೋಡಿಕೊಳ್ಳುವ ಮೇಂಟೇನರ್ ಅದನ್ನು ಓದಿ, ಪ್ರಶ್ನೆ ಕೇಳಿ, ಸರಿ ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ತಿದ್ದಿ ಎರಡನೇ ಸಲ, ಮೂರನೇ ಸಲ ಕಳಿಸಬೇಕಾಗುತ್ತದೆ. ಒಪ್ಪಿಗೆಯಾದರೆ ಪರಿಶೀಲಿಸಿದವರ ಹೆಸರು, ಪರೀಕ್ಷಿಸಿದವರ ಹೆಸರು, ಒಳಗೆ ಸೇರಿಸಿದವರ ಹೆಸರು ಎಲ್ಲ ಅದೇ ಪ್ಯಾಚಿನ ಕೆಳಗೆ ಸಾಲಾಗಿ ಉಳಿಯುತ್ತವೆ.

ಈ ಸಹಿಯ ಪದ್ಧತಿ ಲಿನಕ್ಸ್‌ನಲ್ಲಿ 2004ರಲ್ಲಿ ಶುರುವಾಯಿತು. 2003ರಲ್ಲಿ ಎಸ್‌ಸಿಒ ಎಂಬ ಕಂಪೆನಿ ತನ್ನ ಕೋಡ್ ಲಿನಕ್ಸ್ ಒಳಗೆ ಸೇರಿದೆ ಎಂದು ಐಬಿಎಂ ಮೇಲೆ ದಾವೆ ಹೂಡಿದ ಮೇಲೆ, ಪ್ರತಿ ಸಾಲೂ ಯಾರಿಂದ ಬಂತು ಎಂಬುದಕ್ಕೆ ದಾಖಲೆ ಇರಬೇಕು ಎಂಬುದು ಮನವರಿಕೆಯಾಯಿತು.

ಇದನ್ನು ಓದುವಾಗ ನಮಗೆ ಸನದ್ ನೆನಪಾಗದೆ ಇರದು. ಹದೀಸಿನ ವಿದ್ವಾಂಸರು ಮಾತನ್ನು ಮಾತ್ರ ನೋಡಲಿಲ್ಲ. ಯಾರಿಂದ ಯಾರು ಕೇಳಿದರು, ಅವರು ನಂಬಿಕಸ್ಥರೇ, ಅವರ ನೆನಪು ಗಟ್ಟಿಯೇ ಎಂದು ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ನಾನು ಪವಿತ್ರವಾದುದನ್ನು ಕೋಡಿಗೆ ಹೋಲಿಸುತ್ತಿಲ್ಲ. ಶಿಸ್ತಿನ ಸ್ವರೂಪ ಮಾತ್ರ ಹೇಳುತ್ತಿದ್ದೇನೆ. ಕೇಳಿದ್ದನ್ನೆಲ್ಲ ಮುಂದೆ ದಾಟಿಸಬಾರದು, ತನ್ನ ಹೆಸರಿನಲ್ಲಿ ಕೊಡುವುದಕ್ಕೆ ತಾನೇ ಜವಾಬ್ದಾರ ಎಂಬ ಪಾಠ ನಮ್ಮ ಮಕ್ಕಳಿಗೆ ಹೊಸದಲ್ಲ.

ಕ್ಯೂಎಮು 2025ರ ಜೂನ್‌ನಲ್ಲಿ ಇನ್ನೊಂದು ನಿಯಮ ತಂದಿತು: ಎಐ ಬರೆದುಕೊಟ್ಟ ಕೋಡನ್ನು ಸ್ವೀಕರಿಸುವುದಿಲ್ಲ ಎಂದು. ಕಾರಣ ಸಹಿಯೇ. ಎಐ ಕೊಟ್ಟ ಸಾಲು ಎಲ್ಲಿಂದ ಬಂತು, ಯಾರ ಹಕ್ಕಿನದು ಎಂದು ಗೊತ್ತಿಲ್ಲದವನು "ಇದನ್ನು ಕೊಡಲು ನನಗೆ ಹಕ್ಕಿದೆ" ಎಂದು ಹೇಗೆ ಸಹಿ ಹಾಕುತ್ತಾನೆ? ಅಸೈನ್‌ಮೆಂಟನ್ನೂ ಎಐಯಿಂದ ಬರೆಸುವ ಈ ಕಾಲದಲ್ಲಿ, ಅರ್ಥ ಮಾಡಿಕೊಂಡು ಸ್ವಂತ ಬರೆಯಲೇಬೇಕಾದ ಜಾಗ ಒಂದಿದೆ ಎಂಬುದೇ ಸಮಾಧಾನ.

ಬೆಂಗಳೂರಿನಲ್ಲಿ ನಡೆದದ್ದು

ಇದು ಅಮೆರಿಕ, ಯುರೋಪಿನವರ ಕೆಲಸ, ನಮ್ಮವರಿಗಲ್ಲ ಎಂದುಕೊಳ್ಳಬೇಡಿ. ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ಇಂಜಿನಿಯರುಗಳು ಐಬಿಎಂನ ಪವರ್ ಪ್ರೊಸೆಸರುಗಳಿಗಾಗಿ ಕ್ಯೂಎಮುವಿಗೆ ವರ್ಷಗಟ್ಟಲೆ ಪ್ಯಾಚ್ ಕೊಟ್ಟಿದ್ದಾರೆ. ವರ್ಚುವಲ್ ಮಷೀನ್ ಓಡುತ್ತಿರುವಾಗಲೇ, ನಿಲ್ಲಿಸದೆ, ಅದಕ್ಕೆ ಇನ್ನಷ್ಟು ಮೆಮೊರಿ ಸೇರಿಸುವ ಸೌಲಭ್ಯ ಅಂಥ ಕೆಲಸಗಳಲ್ಲಿ ಒಂದು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಶುರುವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಆದ ಸಮ್ಮೇಳನ ಒತ್ತಿ ಹೇಳಿದ ಮಾತೂ ಇದೇ: ಬಳಸಿದರೆ ಸಾಲದು, ತಿದ್ದಿಯೂ ಕೊಡಬೇಕು.

ಮದರಾಸಿನ ಐಐಟಿ ರೂಪಿಸಿದ ಶಕ್ತಿ ಪ್ರೊಸೆಸರಿನ ಒಂದು ಮಾದರಿ 2021ರಲ್ಲಿ ಕ್ಯೂಎಮುವಿನೊಳಗೆ ಸೇರಿತು. ಆ ಬೋರ್ಡನ್ನು ಕೊಳ್ಳಲಾಗದ ವಿದ್ಯಾರ್ಥಿ ಈಗ ತುರುವೇಕೆರೆಯ ಮನೆಯಲ್ಲೇ ಕೂತು ಅದಕ್ಕೆ ಪ್ರೋಗ್ರಾಮ್ ಬರೆದು ಓಡಿಸಿ ನೋಡಬಹುದು. ಖರ್ಚು ಕರೆಂಟು, ಇಂಟರ್‌ನೆಟ್ ಮಾತ್ರ.

ಸಂಬಳದ ಪ್ರಶ್ನೆ

ನೇರವಾಗಿ ಹೇಳಬೇಕು: ಪ್ಯಾಚ್ ಕಳಿಸಿದ ಮಾತ್ರಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಮನೆಯ ಬಾಡಿಗೆ, ತಂಗಿಯ ಫೀಸು ಅವನ ಮೇಲೇ ಇದ್ದರೆ ಮೊದಲು ದುಡಿಮೆ, ಆಮೇಲೆ ಇದು. ಕುಟುಂಬದ ಹಕ್ಕು ದೊಡ್ಡದು.

ಆದರೆ ಓದುತ್ತಿರುವ ಮಕ್ಕಳಿಗೆ ಎರಡು ದಾರಿ ಇವೆ. ಗೂಗಲ್ 2005ರಿಂದ ನಡೆಸುತ್ತಿರುವ ಸಮ್ಮರ್ ಆಫ್ ಕೋಡ್ ಒಂದು. 18 ವರ್ಷ ತುಂಬಿದವರು ಅರ್ಜಿ ಹಾಕಬಹುದು, ಆಯ್ಕೆಯಾದರೆ ಭತ್ಯೆ ಸಿಗುತ್ತದೆ. ಇನ್ನೊಂದು ಔಟ್‌ರೀಚಿ, ಹೆಣ್ಣುಮಕ್ಕಳನ್ನು ಮತ್ತು ಈ ಕ್ಷೇತ್ರದಲ್ಲಿ ಅವಕಾಶ ಕಡಿಮೆ ಸಿಕ್ಕಿದ ಸಮುದಾಯಗಳನ್ನು ಕಣ್ಣಲ್ಲಿಟ್ಟು ರೂಪಿಸಿದ್ದು. ಸುಮಾರು ಮೂರು ತಿಂಗಳ ಕೆಲಸ, ಪೂರ್ತಿ ಮನೆಯಿಂದಲೇ, ಭತ್ಯೆ 7,000 ಡಾಲರ್. ಕ್ಯೂಎಮು ಎರಡರಲ್ಲೂ ಭಾಗವಹಿಸಿದೆ. ಬಿಸಿಎ ಮುಗಿಸಿ, ದೂರದ ಊರಿಗೆ ಕಳಿಸಲು ಮನಸ್ಸಿಲ್ಲದೆ ಮನೆಯಲ್ಲಿ ಕೂರಿಸಿರುವ ನಮ್ಮ ಹೆಣ್ಣುಮಕ್ಕಳ ಬಗ್ಗೆ ಯೋಚಿಸಿ. ಇದರಲ್ಲಿ ಒಂದು ಷರತ್ತು ಇದೆ: ಆಯ್ಕೆಗೆ ಮೊದಲೇ ಆ ಯೋಜನೆಗೆ ಸಣ್ಣದಾದರೂ ಕೆಲಸ ಮಾಡಿ ತೋರಿಸಬೇಕು. ಈಗ ಸಂಬಳ ಇಲ್ಲದೆ ಮಾಡುತ್ತಿರುವ ಆ ಸಣ್ಣ ತಿದ್ದುಪಡಿಯೇ ಆ ಬಾಗಿಲಿನ ಬೀಗದ ಕೈ.

ಇನ್ನೂ ಒಂದು ಮಾತು. ಪ್ಯಾಚ್ ಪರಿಶೀಲಿಸುವಾಗ ಫೋಟೋ, ಅಂಕಪಟ್ಟಿ, ಶಿಫಾರಸು ಪತ್ರ ಕೇಳುವುದಿಲ್ಲ. ಕೋಡ್ ಸರಿ ಇದೆಯೇ, ಕಾರಣ ಸರಿ ಬರೆದಿದ್ದಾನೆಯೇ ಎಂಬುದೇ ಮಾತು. ಹೆಸರು ನೋಡಿದ ಕೂಡಲೇ ಮುಖ ತಿರುಗಿಸುವ ಬಾಗಿಲುಗಳನ್ನು ಕಂಡಿರುವ ನಮ್ಮ ಯುವಕರಿಗೆ, ತಮ್ಮ ಪೂರ್ತಿ ಹೆಸರನ್ನು ಕೆಲಸದ ಕೆಳಗೆ ಧೈರ್ಯವಾಗಿ ಬರೆಯುವ ಜಾಗ ಸಿಗುವುದು ಸಣ್ಣ ವಿಷಯ ಅಲ್ಲ.

ಮನೆಯವರು ಮಾಡಬಹುದಾದ್ದು

ಮಕ್ಕಳನ್ನು ಮೂರು ಪ್ರಶ್ನೆ ಕೇಳಿ. ಯಾವ ತಪ್ಪನ್ನು ತಿದ್ದುತ್ತಿದ್ದೀಯ? ನೋಡಿದವರು ಏನು ಹೇಳಿದರು? ನಿನ್ನ ಹೆಸರಿರುವ ಪ್ಯಾಚ್ ಎಲ್ಲಿದೆ, ತೋರಿಸು. ನಿಜವಾಗಿ ಕೆಲಸ ಮಾಡುವವನು ಖುಷಿಯಿಂದ ತೋರಿಸುತ್ತಾನೆ, ಎಲ್ಲವೂ ಬಹಿರಂಗವಾಗಿಯೇ ಇರುತ್ತದೆ. ತಿಂಗಳುಗಟ್ಟಲೆ ತೋರಿಸಲು ಏನೂ ಇಲ್ಲದಿದ್ದರೆ ಆಗ ಗದರಿಸಿ, ನಾನೂ ಜೊತೆಗೆ ಬರುತ್ತೇನೆ.

ಎರಡನೆಯದು, ಪ್ಯಾಚ್ ವಾಪಸ್ ಬಂದ ದಿನ ಗೇಲಿ ಮಾಡಬೇಡಿ. ನುರಿತವರ ಪ್ಯಾಚುಗಳೂ ವಾಪಸ್ ಬರುತ್ತವೆ. ಎಲ್ಲರೆದುರು ತಪ್ಪು ತೋರಿಸಿಕೊಂಡು, ಸಿಟ್ಟಾಗದೆ, ತಿದ್ದಿ ಮತ್ತೆ ಕಳಿಸುವುದು ಸಬ್ರ್ ಕಲಿಸುವ ಪಾಠ. ಮೂರನೆಯದು, ಫಜ್ರ್ ತಪ್ಪಬಾರದು, ಪರೀಕ್ಷೆ ಕೆಡಬಾರದು. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೆ ಯಾವ ಪ್ಯಾಚೂ ಓಡಿಹೋಗುವುದಿಲ್ಲ.

ಜಮಾಅತಿನವರಿಗೆ ಒಂದು ವಿನಂತಿ. ಮದ್ರಸದ ಕೋಣೆಗಳು ಬೆಳಿಗ್ಗೆ ತರಗತಿ ಮುಗಿದ ಮೇಲೆ ಖಾಲಿ ಇರುತ್ತವೆ. ಒಂದು ಕೋಣೆ, ಒಂದು ಇಂಟರ್‌ನೆಟ್ ಕನೆಕ್ಷನ್, ಯಾರದೋ ಮನೆಯಲ್ಲಿ ಮೂಲೆ ಸೇರಿರುವ ಎರಡು ಹಳೆ ಲ್ಯಾಪ್‌ಟಾಪ್ ಇದ್ದರೆ ವಾರಕ್ಕೆ ಒಂದು ಸಂಜೆ ನಾಲ್ಕು ಮಕ್ಕಳು ಕೂತು ಕಲಿಯಬಹುದು. ಗೊತ್ತಿರುವ ಹುಡುಗ ಗೊತ್ತಿಲ್ಲದವನಿಗೆ ಹೇಳಿಕೊಡಲಿ. ಉಪಯೋಗಕ್ಕೆ ಬರುವ ಇಲ್ಮ್ ಕಲಿಸಿದವನಿಗೆ, ಆ ಉಪಯೋಗ ಮುಂದುವರಿಯುವ ತನಕ ಪ್ರತಿಫಲ ಇದೆ ಎಂದು ನಂಬಿದವರು ನಾವು. ಈ ರಜೆಯಲ್ಲೇ ಒಂದು ಜಮಾಅತಾದರೂ ಶುರು ಮಾಡಲಿ, ಇನ್‌ಶಾ ಅಲ್ಲಾಹ್.