ಹಿಮ ನೋಡಲು ಹೊರಟಿರಾ? ಮೊದಲು ಎತ್ತರ ನೋಡಿ

ಈಚೆಗೆ ನಮ್ಮ ತಿಳವಳ್ಳಿಯಂಥ ಊರಿನ ಕುಟುಂಬಗಳೂ ರಜೆಯಲ್ಲಿ ಹಿಮ ನೋಡಲು ಉತ್ತರಕ್ಕೆ ಹೊರಡುತ್ತಿವೆ. ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟವನ್ನು ಟಿ.ವಿ.ಯಲ್ಲಿ ಕಂಡ ಮಕ್ಕಳ ಹಟವೂ ಇದಕ್ಕೆ ಕಾರಣ. "ಡಾಕ್ಟ್ರೇ, ಗುಲ್ಮಾರ್ಗ ಚಲೋನೋ, ಮನಾಲಿ ಚಲೋನೋ? ಜೋಡಿ ಅಪ್ಪಾ, ಅವ್ವಾನೂ ಬರ್ತಾರ" ಎಂದು ಕೇಳುವವರಿದ್ದಾರೆ. ಖರ್ಚು, ಹೋಟೆಲು, ವಾಹನದ ವಿಷಯವನ್ನು ಪ್ರವಾಸದ ಏಜೆಂಟರು ಹೇಳುತ್ತಾರೆ. ವೈದ್ಯ ಕೇಳುವ ಪ್ರಶ್ನೆ ಬೇರೆ: ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ? ಅಲ್ಲಿಗೆ ಎಷ್ಟು ಬೇಗ ಏರುತ್ತೀರಿ? ನಿಮ್ಮ ಜೊತೆ ಯಾರಿದ್ದಾರೆ?

ಎತ್ತರ ಏರಿದರೆ ಏನಾಗುತ್ತದೆ?

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಶೇಕಡಾ 21. ಆದರೆ ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಹಾಗಾಗಿ ಪ್ರತಿ ಉಸಿರಿಗೆ ದಕ್ಕುವ ಆಮ್ಲಜನಕವೂ ಕಡಿಮೆ. 4,000 ಮೀಟರ್ ಎತ್ತರದಲ್ಲಿ ಸಮುದ್ರಮಟ್ಟದಲ್ಲಿ ಸಿಗುವುದರ ಶೇಕಡಾ 60ರಷ್ಟು ಮಾತ್ರ ಸಿಗುತ್ತದೆ. ಕೊರತೆ ತುಂಬಲು ಹೃದಯ ಬೇಗ ಬಡಿಯುತ್ತದೆ, ಉಸಿರಾಟ ಹೆಚ್ಚುತ್ತದೆ. ಈ ಹೊಂದಾಣಿಕೆಗೆ ದೇಹಕ್ಕೆ ಕೆಲವು ದಿನಗಳು ಬೇಕು.

2,500 ಮೀಟರ್ ದಾಟಿದ ಮೇಲೆ ಆರೋಗ್ಯವಂತರಿಗೂ ತೊಂದರೆ ಕಾಣಬಹುದು. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು, ಸುಸ್ತು, ನಿದ್ದೆ ಬಾರದಿರುವುದು ಇದರ ಲಕ್ಷಣ. ಇವು ಮೇಲೆ ತಲುಪಿದ ಕೆಲವು ಗಂಟೆಗಳ ನಂತರ ಶುರುವಾಗುವುದರಿಂದ 'ಪ್ರಯಾಣದ ಆಯಾಸ' ಎಂದು ತಪ್ಪು ತಿಳಿಯುವವರೇ ಹೆಚ್ಚು.

ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸು. ಮನಾಲಿ ಪೇಟೆಯೇ ಅದಕ್ಕಿಂತ ಎತ್ತರದಲ್ಲಿದೆ ಎಂದರೆ ನಿಮಗೆ ಅಂದಾಜು ಆದೀತು.

ಎರಡು ಊರುಗಳ ವ್ಯತ್ಯಾಸ

ಮನಾಲಿಯ ಎತ್ತರ ಸುಮಾರು 2,050 ಮೀಟರ್. ಸ್ಕೀಯಿಂಗ್ ನಡೆಯುವ ಸೋಲಂಗ್ ಕಣಿವೆ ಅಲ್ಲಿಂದ ಹತ್ತಿರ, ಎತ್ತರ ಸುಮಾರು 2,500 ಮೀಟರ್. ಹಗಲು ಮೇಲೆ ಆಡಿ, ರಾತ್ರಿ ಕೆಳಗಿಳಿದು ಮಲಗಬಹುದು. ದೇಹಕ್ಕೆ ಇದು ಒಗ್ಗುವ ಕ್ರಮ. ಪೇಟೆಯಲ್ಲೇ ಆಸ್ಪತ್ರೆ ಇದೆ. ಆದರೆ ದೆಹಲಿಯಿಂದ ರಾತ್ರಿಯಿಡೀ ಬಸ್ ಪ್ರಯಾಣ. ತಿರುವಿನ ದಾರಿಯಲ್ಲಿ ವಾಂತಿಯಾಗುವವರು ಮೊದಲೇ ಮಾತ್ರೆ ಕೇಳಿ ಇಟ್ಟುಕೊಳ್ಳಬೇಕು.

ಕಾಶ್ಮೀರದ ಗುಲ್ಮಾರ್ಗದ ಎತ್ತರವೇ ಸುಮಾರು 2,650 ಮೀಟರ್. ಅಲ್ಲಿ ತಂಗಿದರೆ ಮಲಗುವುದೂ ಅಷ್ಟೇ ಎತ್ತರದಲ್ಲಿ. ವಿಮಾನದಲ್ಲಿ ಶ್ರೀನಗರಕ್ಕೆ (ಸುಮಾರು 1,600 ಮೀಟರ್) ಬಂದು ಅದೇ ದಿನ ಕಾರಿನಲ್ಲಿ ಗುಲ್ಮಾರ್ಗ ಸೇರುವವರಿದ್ದಾರೆ. ಮರುದಿನ ಗೊಂಡೋಲ ಎಂಬ ತೂಗುಬಂಡಿ. ಅದರ ಮೊದಲ ಹಂತ ಸುಮಾರು 3,100 ಮೀಟರ್‌ನ ಕೊಂಗ್ದೂರಿಗೆ, ಎರಡನೇ ಹಂತ 3,900 ಮೀಟರ್ ದಾಟಿದ ಅಫರ್ವತ್ ಬೆಟ್ಟದ ಹೆಗಲಿಗೆ ಒಯ್ಯುತ್ತದೆ. ನಡೆದು ಏರುವವನ ದೇಹಕ್ಕೆ ದಾರಿಯಲ್ಲಿ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಕುಳಿತು ಏರುವವನಿಗೆ ಸಿಗುವುದಿಲ್ಲ. ಇನ್ನು ದೊಡ್ಡ ಆಸ್ಪತ್ರೆ ಬೇಕೆಂದರೆ 50 ಕಿ.ಮೀ. ದೂರದ ಶ್ರೀನಗರಕ್ಕೇ ಬರಬೇಕು.

ತಿಂಗಳು ಮರೆಯಬೇಡಿ

ನಮ್ಮ ಮಕ್ಕಳಿಗೆ ದೊಡ್ಡ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಸ್ಕೀಯಿಂಗ್ ಕಾಲವಾದರೋ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಮೇ ತಿಂಗಳಲ್ಲಿ ಸೋಲಂಗ್‌ನಲ್ಲೂ ಗುಲ್ಮಾರ್ಗದ ಬಯಲಿನಲ್ಲೂ ಹಸಿರು ಹುಲ್ಲು ಇರುತ್ತದೆ. ಆಗ ಹಿಮ ಬೇಕೆಂದವರು ಮನಾಲಿಯಿಂದ 3,978 ಮೀಟರ್‌ನ ರೋಹ್ತಾಂಗ್ ಕಣಿವೆದಾರಿಗೆ, ಇಲ್ಲವೇ ಗೊಂಡೋಲದ ಎರಡನೇ ಹಂತಕ್ಕೆ ಹೋಗುತ್ತಾರೆ. ಅಂದರೆ ಬೇಸಿಗೆಯಲ್ಲಿ ಎರಡು ಊರುಗಳ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಎರಡರಲ್ಲೂ 4,000 ಮೀಟರ್ ಸಮೀಪಕ್ಕೆ ಏರಬೇಕು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಟಿಕೆಟ್ ಕೊಳ್ಳುವ ಮೊದಲೇ ಯೋಚಿಸಬೇಕು.

ಯಾರಿಗೆ ಎಚ್ಚರಿಕೆ?

• ಈಚೆಗೆ ಹೃದಯಾಘಾತವಾದವರು, ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿಯುವವರು, ರಕ್ತದೊತ್ತಡ ಹತೋಟಿಗೆ ಬಾರದವರು ಹೋಗುವ ಮೊದಲು ತಪಾಸಣೆ ಮಾಡಿಸಲೇಬೇಕು. ಚಳಿಯಲ್ಲಿ ರಕ್ತದೊತ್ತಡ ಇನ್ನೂ ಏರುತ್ತದೆ.

• ಉಬ್ಬಸ ಇರುವವರು ಇನ್‌ಹೇಲರನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಬೇಕು. ತಣ್ಣನೆಯ ಒಣಗಾಳಿ ಉಬ್ಬಸ ಎಬ್ಬಿಸಬಹುದು.

• ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ವಿಮಾನದಲ್ಲಿ ಅದು ನಿಮ್ಮ ಕೈಚೀಲದಲ್ಲೇ ಇರಲಿ.

• ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಆಮ್ಲಜನಕದ ಕೊರತೆ ಬೇಗ ತಟ್ಟುತ್ತದೆ. ಹೊರಡಲು ಎರಡು ತಿಂಗಳಿರುವಾಗಲೇ ಹಿಮೋಗ್ಲೋಬಿನ್ ನೋಡಿಸಿ.

• ಗರ್ಭಿಣಿಯರು ಜಾರುವ ಆಟ ಆಡಬಾರದು. ಪ್ರವಾಸದ ಬಗೆಗೂ ವೈದ್ಯರನ್ನು ಕೇಳಬೇಕು.

ಹೋದ ಮೇಲೆ

ಮೊದಲ ದಿನ ವಿಶ್ರಾಂತಿ. ಗುಲ್ಮಾರ್ಗಕ್ಕೆ ಹೋಗುವವರು ಎರಡು ರಾತ್ರಿ ಶ್ರೀನಗರದಲ್ಲಿ ಕಳೆಯುವುದು ಒಳ್ಳೆಯದು. ಚೆನ್ನಾಗಿ ನೀರು ಕುಡಿಯಿರಿ. ಮದ್ಯ ಮೈ ಬೆಚ್ಚಗೆ ಮಾಡುತ್ತದೆಂಬುದು ಬರೀ ಭ್ರಮೆ. ಅದು ಮೈಯ ಶಾಖವನ್ನು ಹೊರಹಾಕುತ್ತದೆ. ಹಿಮದ ಮೇಲೆ ಬಿಸಿಲು ಪ್ರತಿಫಲಿಸಿ ಕಣ್ಣು ಉರಿಯುವುದರಿಂದ ಮಕ್ಕಳಿಗೂ ಕಪ್ಪು ಕನ್ನಡಕ ಬೇಕು. ಸ್ಕೀ ಕಲಿಯುವವರು ತರಬೇತುದಾರನಿಲ್ಲದೆ ಇಳಿಜಾರಿಗೆ ಹೋಗಬಾರದು. ಬಿದ್ದಾಗ ಮೊದಲು ಪೆಟ್ಟು ತಿನ್ನುವುದು ಮೊಣಕಾಲು, ಮಣಿಕಟ್ಟು.

ಇನ್ನೊಂದು ಮಾತು. ಚಳಿ ತಡೆಯಲಾರದೆ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಮುಚ್ಚಿ ಮಲಗಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ತಲೆನೋವು ಬಂದರೆ ಮತ್ತೆ ಮೇಲೇರಬೇಡಿ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಡುವುದು, ತೊದಲು ಮಾತು ಕಂಡರೆ ಶ್ವಾಸಕೋಶ ಇಲ್ಲವೇ ಮೆದುಳಿನಲ್ಲಿ ನೀರು ಸೇರುತ್ತಿದೆ ಎಂದರ್ಥ. ಬೆಳಗಾಗಲೆಂದು ಕಾಯಬಾರದು. ಕೂಡಲೇ ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಬೇಕು. ಇಳಿಯುವುದೇ ಮೊದಲ ಔಷಧ. ಎತ್ತರದ ತೊಂದರೆ ತಡೆಯುವ ಮಾತ್ರೆಗಳಿವೆ ನಿಜ, ಆದರೆ ಸಲ್ಫಾ ಔಷಧಿ ಒಗ್ಗದವರಿಗೆ ಕೆಲವು ಆಗಿಬರುವುದಿಲ್ಲ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬೇಡಿ.

ಹಾಗಾದರೆ ಯಾವುದು ಆಯ್ಕೆ? ಹರೆಯದವರು, ಗಟ್ಟಿ ಆರೋಗ್ಯದವರು, ಸ್ಕೀಯಿಂಗ್ ಕಲಿಯಬೇಕೆನ್ನುವವರು ಚಳಿಗಾಲದಲ್ಲಿ ಗುಲ್ಮಾರ್ಗಕ್ಕೆ ಹೋಗಲಿ. ಅಜ್ಜ, ಅಜ್ಜಿ, ಚಿಕ್ಕ ಮಕ್ಕಳು ಕೂಡಿದ ಕುಟುಂಬಕ್ಕೆ ಮನಾಲಿ ಹೆಚ್ಚು ಸುರಕ್ಷಿತ. ಅಲ್ಲಿಯೂ ರೋಹ್ತಾಂಗ್ ಏರಲೇಬೇಕೆಂಬ ಹಟ ಬೇಡ. ಆಗದವರು ಪೇಟೆಯಲ್ಲೇ ಬಿಸಿಲು ಕಾಯಿಸಿಕೊಂಡು ಕುಳಿತಿರಲಿ, ಜೊತೆಗೊಬ್ಬರು ಇರಲಿ. ಮನೆಯಲ್ಲಿ ಎಲ್ಲರಿಗಿಂತ ಅಶಕ್ತರು ಯಾರೋ, ಅವರನ್ನು ನೋಡಿ ಊರು ಆರಿಸಿರಿ.