ಗಾಳಿಗುಳ್ಳೆಯ ಎಚಿಂಗ್ ತೊಟ್ಟಿ: ಉಳಿತಾಯವೂ ಹೊಣೆಯೂ

ಎಲೆಕ್ಟ್ರಾನಿಕ್ ಉಪಕರಣಗಳನ್ನು ತಯಾರಿಸುವ ಸಣ್ಣ ಘಟಕಗಳು ಹೊಸ ಮಾದರಿಗೆ ಬೇಕಾದ ಒಂದೆರಡು ಸರ್ಕ್ಯೂಟ್ ಬೋರ್ಡುಗಳನ್ನು ತಮ್ಮಲ್ಲಿಯೇ ಮಾಡಿಕೊಳ್ಳುವುದುಂಟು. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಬೋರ್ಡನ್ನು ಸುಮ್ಮನೆ ಮುಳುಗಿಸಿಟ್ಟರೆ, ತಾಮ್ರವನ್ನು ಕರಗಿಸಿ ಶಕ್ತಿಗುಂದಿದ ದ್ರಾವಣವು ಅಲ್ಲಿಯೇ ನಿಂತು ಹೊಸ ದ್ರಾವಣವನ್ನು ತಡೆಯುತ್ತದೆ. ಕೆಲಸ ನಿಧಾನವಾಗುವುದಷ್ಟೇ ಅಲ್ಲ; ಒಂದೆಡೆ ತಾಮ್ರ ಉಳಿದಿರುವಾಗಲೇ ಮತ್ತೊಂದೆಡೆ ಸಪೂರ ಗೆರೆಗಳು ಪಕ್ಕದಿಂದ ಸವೆದು ತುಂಡಾಗುತ್ತವೆ. ನಿಜವಾದ ನಷ್ಟ ಇಂತಹ ಕೆಟ್ಟ ಬೋರ್ಡುಗಳಲ್ಲಿಯೇ ಇದೆ.

ಇದಕ್ಕೆ ಅಲಂಕಾರಿಕ ಮೀನುತೊಟ್ಟಿಯ ಗಾಳಿಪಂಪು ಸಾಕು. ಎತ್ತರವೂ ಕಿರಿದೂ ಆದ ಪ್ಲಾಸ್ಟಿಕ್ ತೊಟ್ಟಿಯ ತಳದಲ್ಲಿ ರಂಧ್ರಗಳುಳ್ಳ ಕೊಳವೆಯನ್ನಿರಿಸಿ ಬೋರ್ಡನ್ನು ನೆಟ್ಟಗೆ ಇಳಿಬಿಟ್ಟರೆ, ಮೇಲೇರುವ ಗುಳ್ಳೆಗಳು ದ್ರಾವಣವನ್ನು ಸತತವಾಗಿ ಕಲಕುತ್ತವೆ. ಪಂಪು ದ್ರಾವಣದ ಮಟ್ಟಕ್ಕಿಂತ ಮೇಲಿರಬೇಕು. ಇಲ್ಲವಾದರೆ ವಿದ್ಯುತ್ ಹೋದಾಗ ದ್ರಾವಣವು ಹಿಂದಕ್ಕೆ ಹರಿದು ಪಂಪನ್ನು ಸೇರುತ್ತದೆ. ವಿದ್ಯುತ್ತಿನ ಭರವಸೆಯಿಲ್ಲದ ಊರುಗಳಲ್ಲಿ ಈ ಎಚ್ಚರ ಅತಿಯೆನಿಸದು. ಸಿಡಿಯುವ ಹನಿಗಳಿಂದ ಹತ್ತಿರದ ಉಕ್ಕಿನ ಹತ್ಯಾರುಗಳು ತುಕ್ಕು ಹಿಡಿಯುವುದರಿಂದ ತೊಟ್ಟಿಗೆ ಮುಚ್ಚಳವೂ ಅವಶ್ಯ.

ಅನೇಕರ ಲೆಕ್ಕಪುಸ್ತಕಕ್ಕೆ ಬಾರದ ಬಾಬತ್ತೊಂದಿದೆ. 35 ಮೈಕ್ರಾನ್ ದಪ್ಪದ ತಾಮ್ರದ ಹಾಳೆಯುಳ್ಳ 100 × 160 ಮಿ.ಮೀ. ಬೋರ್ಡಿನ ಒಂದು ಮಗ್ಗುಲಲ್ಲಿ ಸುಮಾರು 5 ಗ್ರಾಂ ತಾಮ್ರವಿರುತ್ತದೆ. ಗೆರೆಗಳಲ್ಲಿ ಉಳಿಯುವುದನ್ನು ಬಿಟ್ಟು ಮಿಕ್ಕದ್ದೆಲ್ಲ ದ್ರಾವಣಕ್ಕೆ ಸೇರುತ್ತದೆ. ಗುಳ್ಳೆಗಳು ವೇಗ ಹೆಚ್ಚಿಸಬಲ್ಲವೇ ಹೊರತು ಇದನ್ನು ತಗ್ಗಿಸಲಾರವು. ಬಳಸಿದ ಎಚಿಂಗ್ ರಾಸಾಯನಿಕಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿವೆ, ಚರಂಡಿಗೆ ಸುರಿಯುವಂತಿಲ್ಲ. ಅವುಗಳ ವಿಲೇವಾರಿ ವೆಚ್ಚವನ್ನು ಅಸಲಿಗೆ ಸೇರಿಸಿದ ಮೇಲೆಯೇ ಹೊರಗೆ ಮಾಡಿಸುವ ದರದೊಡನೆ ಹೋಲಿಕೆ ಸಾಧ್ಯ.