ಗ್ರೂಪಿನಲ್ಲಿ ಅನ್ನ ಉಂಟು, ಹಸಿದವರು ಎಲ್ಲಿ?

ರಾತ್ರಿ ಹತ್ತೂವರೆಗೆ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ: ‘ಹಾಲ್‌ನಲ್ಲಿ ನೂರು ಜನರ ನೈಚೋರು, ಕೋಳಿ ಸಾರು ಉಳಿದಿದೆ. ಬೇಕಾದವರು ತಿಳಿಸಿ.’ ಹತ್ತು ನಿಮಿಷದಲ್ಲಿ ಇಪ್ಪತ್ತು ಹೆಬ್ಬೆರಳು, ನಾಲ್ಕೈದು ‘ಮಾಶಾ ಅಲ್ಲಾಹ್’. ಅನ್ನ ಮಾತ್ರ ಅಲ್ಲೇ ಉಂಟು! ಮದುವೆ ಸೀಸನ್‌ನಲ್ಲಿ ನಾವೆಲ್ಲ ನೋಡುವ ಸಂಗತಿ ಇದು.

ಮೊಬೈಲ್‌ನಲ್ಲಿ ಕೊಡುವವರನ್ನು ಹುಡುಕುವುದು ಸಲೀಸು. ಆದರೆ ಹಸಿದವರು ನಮ್ಮ ಗ್ರೂಪಿನಲ್ಲಿ ಇರುವುದಿಲ್ಲವಲ್ಲ.

2014ರಲ್ಲಿ ದಿಲ್ಲಿಯಲ್ಲಿ ಶುರುವಾದ ರಾಬಿನ್ ಹುಡ್ ಆರ್ಮಿ ಯಾರಿಂದಲೂ ಹಣ ಪಡೆಯುವುದಿಲ್ಲ. ಹೋಟೆಲುಗಳಲ್ಲಿ ಉಳಿದ ಊಟವನ್ನು ಸ್ವಯಂಸೇವಕರು ಒಯ್ದು ಹಂಚುತ್ತಾರೆ. ಆ ಸ್ವಯಂಸೇವಕರನ್ನು ಒಟ್ಟುಗೂಡಿಸಿದ್ದು ಫೇಸ್‌ಬುಕ್, ವಾಟ್ಸಾಪ್. ಉಣ್ಣುವವರ ಹತ್ತಿರ ಮಾತ್ರ ಕಾಲ್ನಡಿಗೆಯಲ್ಲೇ ಹೋಗಬೇಕು.

ದೂರ ಯಾಕೆ, ನಮ್ಮ ಮಂಗಳೂರಿನ ಎಂ.ಫ್ರೆಂಡ್ಸ್ ಟ್ರಸ್ಟ್ ಹುಟ್ಟಿದ್ದೇ ವಾಟ್ಸಾಪ್ ಗೆಳೆಯರ ಬಳಗವಾಗಿ. ಅವರ ‘ಕಾರುಣ್ಯ’ ಯೋಜನೆಯಲ್ಲಿ ವೆನ್ಲಾಕ್ ಆಸ್ಪತ್ರೆಯ ರೋಗಿಗಳ ಜೊತೆಗಿರುವವರಿಗೆ ರಾತ್ರಿ ಊಟ ಸಿಗುತ್ತದೆ. ದೂರದ ಜಿಲ್ಲೆಯಿಂದ ಬಂದು ವರಾಂಡದಲ್ಲಿ ಮಲಗುವವರಿಗೆ ಯಾವ ಗ್ರೂಪಿನ ಪರಿಚಯವೂ ಬೇಡ. ಊಟದ ಜಾಗ, ಹೊತ್ತು ಪಕ್ಕದ ಬೆಡ್‌ನವರೇ ಹೇಳಿಯಾರು. ನಮ್ಮ ಪ್ರಕಾರ ಇದೇ ಸರಿಯಾದ ದಾರಿ.

2020ರ ಲಾಕ್‌ಡೌನ್‌ನಲ್ಲಿ ಇದು ತಿರುಗುಮುರುಗಾಯಿತು. ಊರು ಬಿಟ್ಟು ಸಿಕ್ಕಿಹಾಕಿಕೊಂಡ ಕಾರ್ಮಿಕರು ಕೈಗೆ ಸಿಕ್ಕಿದ ನಂಬರಿಗೆ ತಾವೇ ಫೋನ್ ಮಾಡಿದರು. ‘ಸ್ವಾನ್’ ಎಂಬ ಸ್ವಯಂಸೇವಕರ ಜಾಲಕ್ಕೆ ಬಂದ ಕರೆಗಳಲ್ಲಿ ಒಬ್ಬೊಬ್ಬರ ಹಿಂದೆ ಒಂದೊಂದು ಗುಂಪೇ ಇರುತ್ತಿತ್ತು. ಹಾಗಾಗಿ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಬೇಕೆಂದಿಲ್ಲ, ಕೋಣೆಗೆ ಒಂದು ಇದ್ದರೂ ನಡೆಯುತ್ತದೆ. ಆದರೆ ಆ ಕಡೆ ಫೋನ್ ಎತ್ತುವವರು ಬೇಕು.

ಇನ್ನು ಫೋಟೊ ವಿಷಯ. ರಮಝಾನ್ ಕಿಟ್ ಕೊಡುವಾಗ ಐದು ಜನ ಒಂದು ಚೀಲ ಹಿಡಿದು ನಿಲ್ಲುತ್ತಾರೆ, ಚೀಲ ಪಡೆಯುವವರ ಮುಖ ನಡುವೆ. ಮಗಳಿಗೆ ಗಂಡು ನೋಡುತ್ತಿರುವ ಉಮ್ಮ ಅಂಥ ಸಾಲಿಗೆ ಬಂದಾರೇ? ಒಲೆ ಉರಿಯದಿದ್ದರೂ ಬಾಗಿಲು ಹಾಕಿಕೊಂಡು ಕೂತಾರು. ದಾನಿಗಳಿಗೆ ಲೆಕ್ಕ ಬೇಕು, ಒಪ್ಪುವ ಮಾತೇ. ಅಂಗಡಿಯ ಬಿಲ್ಲು, ಕಟ್ಟಿಟ್ಟ ಚೀಲಗಳ ಫೋಟೊ, ಎಷ್ಟು ಮನೆ ಎಂಬ ಸಂಖ್ಯೆ ಸಾಕಲ್ಲ. ಮನೆಗಳ ಹೆಸರು ಮೊಹಲ್ಲಾದ ಒಬ್ಬಿಬ್ಬರಲ್ಲಿ ಮಾತ್ರ ಇರಲಿ, ಗ್ರೂಪಿಗೆ ಬೇಡ. ಕಷ್ಟ ಇರುವವರು ಹೇಳಿಕೊಳ್ಳಲಿಕ್ಕೆ ಒಬ್ಬ ಹೆಂಗಸಿನ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಗಂಡಸರಿಗೆ ಫೋನ್ ಮಾಡಲು ಎಷ್ಟೋ ಜನ ಹಿಂಜರಿಯುತ್ತಾರೆ.

ಹಾಲ್‌ನ ನೈಚೋರಿಗೆ ಬರೋಣ. ನಮ್ಮ ಸೆಕೆಗೆ ಸಾರು ಬೇಗ ಹಳಸುತ್ತದೆ, ಹತ್ತೂವರೆಯ ಮೆಸೇಜ್ ತಡವೇ ಆಯಿತು. ಬಡಿಸುವವರಿಗೆ ಒಂಬತ್ತಕ್ಕೇ ಅಂದಾಜು ಇರುತ್ತದೆ. ಆಗಲೇ ಹಾಕಿ: ಯಾವಾಗ ಬೇಯಿಸಿದ್ದು, ಎಷ್ಟು ಜನರಿಗೆ ಆದೀತು, ಪಾತ್ರೆ ಉಂಟಾ, ಪಿಕಪ್ ಯಾರದ್ದು. ಬಟ್ಟಲಲ್ಲಿ ಬಿಟ್ಟದ್ದು ಬೇಡ, ಚೆಂಬಿನಲ್ಲಿ ಉಳಿದದ್ದು ಮಾತ್ರ.